ಅಪ್ಪನ ಕರೀ ಕಾರು, ಭಾಯ್ ಕೊಟ್ಟ ನೀಲಿ ಮುದ್ದೆ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಅಪ್ಪನ ಕರೀ ಕಾರಿನ ಬಾನೆಟ್ಟಿಗೆ ಗೀರು ಹಾಕಿದ್ದು ಬೆಕ್ಕಲ್ಲ, ನಾನು. ಬೆಕ್ಕಿನ ಮೇಲೆ ಹಾಕಿದ್ದೂ ನಾನೇ. ಅವ್ವ ಅದನ್ನ ನಂಬಿ ಆ ಬಡಪಾಯಿಗೆ ಮೂರು ದಿನ ಹಾಲು ನಿಲ್ಲಿಸಿದ್ದಳು. ಅದು ಬಂದು ನನ್ನ ಕಾಲ ಹತ್ತಿರ ಕೂತು ಮುಖವನ್ನೇ ನೋಡುತ್ತಿತ್ತು. ಬೆಕ್ಕುಗಳಿಗೆ ಎಲ್ಲ ಗೊತ್ತಿರುತ್ತೆ, ಬಾಯಿ ಬಿಡಲ್ಲ ಅಷ್ಟೆ.

ನನ್ನದು ಉಲ್ಟಾ. ಏನೂ ಗೊತ್ತಿರಲ್ಲ, ಬಾಯಿ ಮಾತ್ರ ಬಿಟ್ಟೇ ಇರುತ್ತೆ. ಅದರಲ್ಲೂ ನನ್ನ ಸ್ವಂತ ದನಿ ಬರುವುದು ಅಪರೂಪ. ಡೇರಿಯವನು ಹಾಲಿನ ಡಿಗ್ರಿ ನೋಡಿ ಮೂಗು ಮುರಿಯುವುದು, ಬಸ್ಸಿನ ಕಂಡಕ್ಟರು "ಒಳೀಕ್ ನಡೀರಿ, ಒಳೀಕ್ ನಡೀರಿ" ಅಂತ ತಾನು ಮಾತ್ರ ಬಾಗಿಲಲ್ಲೇ ನೇತಾಡುವುದು, ನಮ್ಮವ್ವ ಫೋನಿನಲ್ಲಿ ಮಾತಾಡುವಾಗ ಊರಿಗೆಲ್ಲ ಕೇಳುವ ಹಾಗೆ ಗುಟ್ಟು ಹೇಳುವುದು, ಎಲ್ಲ ಮಾಡಿ ತೋರಿಸುತ್ತಿದ್ದೆ. ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸಲು ಹೋಗಿ ಒಂದು ಸಲ ಸೋತಿದ್ದೇನೆ. ಅಸಲೇ ಅಷ್ಟು ಕೆಟ್ಟದಾಗಿದ್ದರೆ ನಕಲು ಹೇಗೆ ಮಾಡುವುದು?

ಮಾಡಿ ಮಾಡಿ ಪಳಗಿದ್ದು ಅಪ್ಪನ ಒಂದು ಚಾಳಿ. ಅಪ್ಪ ಮಂಡ್ಯದಿಂದ ಮಳವಳ್ಳಿಗೆ ಓಡುವ ಬಸ್ಸಿನ ಡ್ರೈವರು. ದಿನವಿಡೀ ಬೇರೆಯವರ ಗಾಡಿಯ ಸ್ಟೇರಿಂಗ್ ಹಿಡಿದವನಿಗೆ ಬೆಳಿಗ್ಗೆ ಎದ್ದ ತಕ್ಷಣ ತನ್ನ ಗಾಡಿ ಮುಟ್ಟಬೇಕು. ಅಕ್ಕ ಮೂರನೇ ಕ್ಲಾಸಿನಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ತಂದಿದ್ದ ಕಾರು ಅದು. ಹಲ್ಲುಜ್ಜುತ್ತಲೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೊನೆಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕರು ಹಾಕಿದ ಹಸುವಿನ ಬೆನ್ನು ಸವರುವ ಹಾಗೆ ಸವರುತ್ತಿದ್ದ. "ಊಂ" ಅನ್ನುತ್ತಿದ್ದ. ಆ "ಊಂ" ನಾನು ಮಾಡಿದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅಕ್ಕನ ಮದುವೆ ಗೊತ್ತಾದ ವರ್ಷ ಆ "ಊಂ" ನಿಂತುಹೋಯಿತು. ಕಬ್ಬು ಅರೆಯುವ ಕಾಲ. ನಮ್ಮ ಕೊಪ್ಪದ ಕಡೆ ಆಲೆಮನೆಗಳೆಲ್ಲ ಹೊಗೆ ಬಿಡುತ್ತಿದ್ದವು. ಒಣ ಸಿಪ್ಪೆ ಉರಿದು ಹಾರಿ ಬಂದ ಮಸಿ, ಬೆಲ್ಲದ ಪಾಕದ ಜಿಡ್ಡು, ಕಬ್ಬಿನ ಟ್ರ್ಯಾಕ್ಟರು ಎಬ್ಬಿಸಿದ ದೂಳು, ಎಲ್ಲ ಸೇರಿ ಬಣ್ಣದ ಮೇಲೆ ಕಚ್ಚಿಕೊಂಡಿತ್ತು. ಎಷ್ಟು ತೊಳೆದರೂ ನೋಡಲು ಮಾತ್ರ ಶುಭ್ರ, ಮುಟ್ಟಿದರೆ ರವೆ ಚೆಲ್ಲಿದ ಹಾಗೆ ಗರಗರ.

ಗಂಡಿನ ಕಡೆಯವರು ಮಳವಳ್ಳಿಯವರು. ಹೆಣ್ಣನ್ನು ಕರೆದುಕೊಂಡು ಹೋಗಲು ತಮ್ಮ ಹೊಸ ಬಿಳೀ ಕಾರು ಕಳಿಸುತ್ತೇವೆ ಅಂದಿದ್ದರು. ಅಪ್ಪ ಬೇಡ ಅಂದ. ಮದ್ದೂರಿನ ಛತ್ರದಿಂದ ಮಳವಳ್ಳಿಗೆ ಮಗಳು ಹೋಗುವುದು ಇದೇ ಕಾರಿನಲ್ಲಿ, ಓಡಿಸುವುದು ತಾನೇ. "ಎಣ್ಣಿನಪ್ಪನೇ ಡ್ರೈವರ್ ಆದ್ರೆ ಏನ್ ಚೆಂದ?" ಅಂತ ಅವ್ವ ಗೊಣಗಿದಳು. ಅಪ್ಪ ನನಗೆ ಹೇಳಿದ.

"ಅವ್ಳು ಇಸ್ಕೂಲಿಗೆ ಓಗೋವಾಗ ಜಡೆ ಸರಿ ಐತಾ ಅಂತ ನೋಡ್ಕತ್ತಿದ್ದಿದ್ದು ಈ ಬಾನೆಟ್ಟಲ್ಲೇ ಕಣ್ಲಾ. ಓಗೋ ದಿನಾನೂ ಇದ್ರಲ್ಲೇ ಮೊಕ ನೋಡ್ಕಂಡು ಓಗ್ಲಿ. ಅಂಗೆ ಒಳೀಬೇಕು."

ನಿಜ. ಮನೆಯಲ್ಲಿ ಕನ್ನಡಿ ಇತ್ತು. ಆದರೆ ಅವ್ವ ಜಡೆ ಹಾಕುತ್ತಿದ್ದದ್ದು ಜಗಲಿಯ ಮೇಲೆ. ಹಾಕಿ ಮುಗಿದ ಕೂಡಲೇ ಅಕ್ಕ ಓಡಿ ಹೋಗಿ ತುದಿಗಾಲಲ್ಲಿ ನಿಂತು, ಬಾನೆಟ್ಟಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ತಿರುಗಿಸುತ್ತಿದ್ದಳು. ಎಣ್ಣೆ ಕೈ ಒತ್ತಿ ಐದು ಬೆರಳಿನ ಗುರುತು ಬಿಟ್ಟು ಹೋಗುತ್ತಿದ್ದಳು. ಎಲ್ಲರಿಗೂ ರೇಗುವ ಅಪ್ಪ ಆ ಗುರುತಿಗೆ ಮಾತ್ರ ರೇಗಿದ್ದು ಕಾಣೆ.

"ನಾನ್ ಮಾಡ್ತೀನಿ ಬುಡು" ಅಂದೆ. ಇಂಥ ಮಾತು ಮಾತ್ರ ನನಗೆ ಸ್ವಂತ ದನಿಯಲ್ಲೇ ಬರುತ್ತೆ.

ಮದ್ದೂರಿನಲ್ಲಿ ಅಪ್ಪನ ಸ್ನೇಹಿತರೊಬ್ಬರಿದ್ದರು. ಕಾರುಗಳಿಗೆ ಬಣ್ಣ ಹೊಡೆದು ಪಾಲಿಶ್ ಹಾಕುವ ಭಾಯ್. ಬಿಳೀ ಗಡ್ಡದಲ್ಲೂ ಯಾವತ್ತೂ ಒಂದೆರಡು ಚುಕ್ಕೆ ಬಣ್ಣ. ಅವರ ಹತ್ತಿರ ಹೋದೆ. ನನ್ನ ಕೈಯನ್ನು ಒಂದು ತೆಳು ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ, ಅಲ್ಲಿ ನಿಂತಿದ್ದ ಒಂದು ಕಾರಿನ ಬಾಗಿಲ ಮೇಲೆ ಸವರಿಸಿದರು. ಬರಿಗೈಗೆ ತಿಳಿಯದ ತರಿಯೆಲ್ಲ ಕವರಿನೊಳಗಿಂದ ಮರಳಿನ ಹಾಗೆ ತಿಳಿಯಿತು.

"ಇದ್ರು ಮ್ಯಾಲೆ ವ್ಯಾಕ್ಸ್ ಬಳುದ್ರೆ, ಕೊಳೆಗೆ ಅತ್ತರು ಅಚ್ದಂಗೆ" ಅಂದರು. ಆಮೇಲೆ ಡಬ್ಬಿಯಿಂದ ನೀಲಿ ಬಣ್ಣದ ಮೆತ್ತನೆ ಉಂಡೆಯೊಂದನ್ನು ತೆಗೆದು ಅಂಗೈಯಲ್ಲಿ ಇಟ್ಟರು. ಮಕ್ಕಳು ಆಡುವ ಜೇಡಿಮಣ್ಣಿನ ಹಾಗಿತ್ತು. "ಇದು ಕ್ಲೇ. ಕಚ್ಕಂಡಿರೋದ್ನೆಲ್ಲ ಇದು ಕಿತ್ಕತದೆ. ವ್ಯಾಕ್ಸು ಆಮೇಲೆ."

ಭಾಯ್ ಮಾತಾಡುವ ರೀತಿ ಬಲು ಚೆಂದ. ಒಂದೊಂದು ಮಾತನ್ನೂ ಕುಂಚ ಎಳೆದ ಹಾಗೆ ಉದ್ದಕ್ಕೆ ಎಳೆದು, ಕೊನೆಯಲ್ಲಿ "ನೋಡಪ್ಪಾ" ಅಂತ ಮಡಚಿಡುತ್ತಿದ್ದರು. ಹೇಗೆ ಮಾಡಬೇಕು ಅಂತ ಅವರು ಹೇಳುತ್ತಲೇ ಹೋದರು. ನಾನು ತಲೆಯಾಡಿಸುತ್ತಲೇ ಹೋದೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತೂ ನಾನು ಆ ಎಳೆತ ಕಲಿಯುತ್ತಿದ್ದೆ. ಇದನ್ನ ಅಕ್ಕನ ಮುಂದೆ ಮಾಡಿದರೆ ಹೇಗಿರುತ್ತೆ ಅನ್ನುವುದೇ ತಲೆಯಲ್ಲಿತ್ತು.

ಭಾನುವಾರ ಅಪ್ಪ ಡ್ಯೂಟಿಗೆ ಹೋದ ಮೇಲೆ ಹುಣಸೆ ಮರದ ನೆರಳಿಗೆ ಕಾರು ತಂದು ತೊಳೆದೆ. ಸೋಪಿನ ನೀರು ಚಿಮುಕಿಸಿದೆ, ಕ್ಲೇಯನ್ನು ತಟ್ಟಿ ಚಪ್ಪಟೆ ಮಾಡಿ ಮೆಲ್ಲಗೆ ಆಡಿಸಿದೆ. ಮೊದಮೊದಲು ಗರ್ ಗರ್ ಅನ್ನುತ್ತಿತ್ತು, ಕೈಗೆ ತಡೆಯುತ್ತಿತ್ತು. ಹತ್ತು ಸಲ ಆಡಿಸುವಷ್ಟರಲ್ಲಿ ಸದ್ದು ಅಡಗಿತು. ಬೆಣ್ಣೆ ಸವರಿದ ಬಾಳೆಲೆ ಮೇಲೆ ಕೈ ಜಾರಿದ ಹಾಗೆ ಜಾರಿತು. ತಿರುಗಿಸಿ ನೋಡಿದರೆ ನೀಲಿ ಕ್ಲೇಯ ತುಂಬ ಕಂದು ಮಸಿ. ಒಂದು ಹಂಗಾಮಿನ ಆಲೆಮನೆಯೆಲ್ಲ ಅದರಲ್ಲಿತ್ತು. ಮಡಚಿ, ನಾದಿ, ಒದ್ದೆ ಕೈಯಲ್ಲಿ ಮತ್ತೆ ಉಂಡೆ ಕಟ್ಟಿದೆ. ಈ ಕೆಲಸ ಯಾರೂ ಹೇಳಿಕೊಡಬೇಕಿರಲಿಲ್ಲ. ಮಂಡ್ಯದ ಕಡೆ ಹುಟ್ಟಿದವನಿಗೆ ಒದ್ದೆ ಕೈಯಲ್ಲಿ ಮುದ್ದೆ ಕಟ್ಟುವುದು ರಕ್ತದಲ್ಲೇ ಬಂದಿರುತ್ತೆ.

ಅರ್ಧ ಬಾನೆಟ್ ಮುಗಿದಿತ್ತು. ಒದ್ದೆ ಕೈ. ಉಂಡೆ ಜಾರಿ ಅಂಗಳಕ್ಕೆ ಬಿತ್ತು.

ಆಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಅದನ್ನು ಎತ್ತಿದೆ, ಎರಡೂ ಕಣ್ಣಿಗೆ ಒತ್ತಿಕೊಂಡೆ, ಉಫ್ ಅಂತ ಊದಿದೆ, ನೀರು ಮುಟ್ಟಿಸಿ ಮತ್ತೆ ಉಂಡೆ ಕಟ್ಟಿದೆ. ಯೋಚನೆ ಮಾಡಿ ಮಾಡಿದ್ದಲ್ಲ. ನಮ್ಮ ಮನೆಯಲ್ಲಿ ಮುದ್ದೆ ನೆಲಕ್ಕೆ ಬಿದ್ದರೆ ಹಾಗೇ ಮಾಡಿ ತಿನ್ನುವುದು. ಬಿಸಾಕಿದರೆ ಅವ್ವ ಬೆನ್ನಿಗೆ ಎರಡು ಬಿಡುತ್ತಾಳೆ. ಕೈ ತನಗೆ ಗೊತ್ತಿದ್ದ ಕೆಲಸ ತಾನು ಮಾಡಿತು. ಆಮೇಲೆ ಉಳಿದ ಅರ್ಧ ಬಾನೆಟ್ಟನ್ನು ಅದರಲ್ಲೇ ಉಜ್ಜಿದೆ, ಹಾಡು ಗುನುಗುತ್ತಾ.

ನೆರಳು ಸರಿದು ಬಿಸಿಲು ಬಿದ್ದಾಗ ಕಂಡಿತು. ಬಾನೆಟ್ಟಿನ ಎಡಭಾಗ ಕೆರೆಯ ನೀರಿನ ಹಾಗಿತ್ತು. ಬಲಭಾಗದಲ್ಲಿ ಕೋಳಿ ಕೆದರಿದ ಹಾಗೆ ಗೀರು, ಸುತ್ತುಸುತ್ತಾಗಿ. ಮೇಲೆ ವ್ಯಾಕ್ಸ್ ಬಳಿದೆ. ಗೀರುಗಳೂ ಹೊಳೆಯತೊಡಗಿದವು. ಅವ್ವ ಬಂದು "ಇದ್ಯಾಕ್ಲಾ ಇಂಗಾಗೈತೆ?" ಅಂದಾಗ ಜಗಲಿಯ ಮೇಲೆ ಬೆಕ್ಕು ಮಲಗಿತ್ತು. ಅದರ ಹಣೆಬರಹ.

ಅಪ್ಪನಿಗೆ ಹೇಳಬೇಡ ಅಂತ ಅವ್ವನನ್ನ ಒಪ್ಪಿಸಿ, ಅವನಿಗೆ ಕಾಣದಿರಲಿ ಅಂತ ಕಾರಿಗೆ ಟಾರ್ಪಾಲು ಹೊದಿಸಿದೆ. "ಮದ್ವೆ ದಿನಾನೇ ನೋಡು, ಅಲ್ಲೀಗಂಟ ಮುಟ್ಬೇಡ" ಅಂದೆ. ಅಪ್ಪ ನಂಬಿದ. ಬೆಳಿಗ್ಗೆ ಹಲ್ಲುಜ್ಜುತ್ತಾ ಟಾರ್ಪಾಲಿನ ಮೇಲೇ ಕೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದ.

ಒಂದು ಸಂಜೆ ಅಕ್ಕ, "ಆ ಭಾಯ್ ಎಂಗೆ ಮಾತಾಡ್ತಾರೋ? ಮಾಡ್ ತೋರ್ಸು" ಅಂದಳು. ಗಡ್ಡ ಸವರಿಕೊಂಡು ಶುರು ಮಾಡಿದೆ. "ಒಂದು, ನೀರು ಆರಬಾರ್ದು ನೋಡಪ್ಪಾ. ಎರಡು, ಒತ್ತಬಾರ್ದು, ಅದ್ರು ಪಾಡಿಗೆ ಅದು ಓಗ್ಬೇಕು ನೋಡಪ್ಪಾ. ಮೂರು, ನೆಲಕ್ ಬಿತ್ತೋ, ಬಿಸಾಕ್ಬುಡು. ಒಂದ್ ಮರಳ್ ಕಾಳು ಸಾಕು, ಬಣ್ಣ ಎಲ್ಲಾ ಕೆರದಾಕ್ತದೆ ನೋಡಪ್ಪಾ."

ಅಕ್ಕ ನಗುತ್ತಿದ್ದಳು. ನನ್ನ ಬಾಯಿ ತೆರೆದಂತೆಯೇ ನಿಂತಿತು. ಭಾಯ್ ಹೇಳಿದ್ದರು. ಒಂದಕ್ಷರ ಬಿಡದೆ ನನ್ನ ಗಂಟಲಲ್ಲಿ ಇತ್ತು. ದನಿ ಕಲಿತಿದ್ದೆ, ಮಾತು ಕೇಳಿರಲಿಲ್ಲ. ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಎದ್ದು ಹೋಗಿ ಮೊದಲು ಬೆಕ್ಕಿಗೆ ಹಾಲು ಹಾಕಿ ಬಂದಳು.

ಮರುದಿನ ಅಪ್ಪ ಡ್ಯೂಟಿಯಲ್ಲಿದ್ದಾಗ ಕಾರನ್ನು ಮದ್ದೂರಿಗೆ ಒಯ್ದೆ. ಭಾಯ್ ಬಗ್ಗಿ ನೋಡಿದರು, ಬೈಯಲಿಲ್ಲ. ಅದೇ ಕಷ್ಟವಾಗಿದ್ದು. ಮಧ್ಯಾಹ್ನದವರೆಗೂ ಪಾಲಿಶ್ ಮೆಷಿನ್ ಹಿಡಿದು ಸುತ್ತು ಗೀರುಗಳನ್ನೆಲ್ಲ ತೆಗೆದರು. ಎರಡು ಮಾತ್ರ ಉಳಿದವು, ಒಂದು ಬೆರಳುದ್ದದವು. "ಇನ್ನ ಉಜ್ಜುದ್ರೆ ಬಣ್ಣಾನೇ ಓಯ್ತದೆ. ಇವ್ನ ನಿಮ್ಮಪ್ಪಂಗೆ ನೀನೇ ತೋರ್ಸು ನೋಡಪ್ಪಾ" ಅಂದರು. ಆ "ನೋಡಪ್ಪಾ"ವನ್ನು ನಾನು ಆಮೇಲೆ ಯಾವತ್ತೂ ಅಣಕಿಸಿಲ್ಲ.

ತೋರಿಸಿದೆನಾ? ಇಲ್ಲ. ಮದುವೆಯ ದಿನ ಆ ಎರಡು ಗೀರಿನ ಮೇಲೆ ಸರಿಯಾಗಿ ಕೂರುವ ಹಾಗೆ ಸೇವಂತಿಗೆ ಹಾರ ಕಟ್ಟಿದೆ.

ಈಗ ಆ ಕಾರಿಲ್ಲ. ಅಪ್ಪ ಬೂದು ಬಣ್ಣದ್ದೊಂದು ಇಟ್ಟುಕೊಂಡಿದ್ದಾನೆ, ಅದರಲ್ಲಿ ಯಾರ ಮುಖವೂ ಕಾಣಲ್ಲ. ಅದರ ಸುತ್ತ ಪ್ರದಕ್ಷಿಣೆಯೂ ಇಲ್ಲ, "ಊಂ" ಕೂಡ ಇಲ್ಲ. ಅಕ್ಕ ಬಂದಾಗ ನಾನು ಅದನ್ನ ಮಾಡಿ ತೋರಿಸಿದರೆ ಈಗ ಅವಳು ನಗಲ್ಲ, "ಇನ್ನೊಂದ್ ಸಲ ಮಾಡು" ಅಂತಾಳೆ.

ಆವತ್ತು, ಮದುವೆಯ ದಿನ, ಛತ್ರದ ಮುಂದೆ ಎಲ್ಲ ಸೇರಿದ್ದರು. ಅಕ್ಕ ಧಾರೆ ಸೀರೆಯಲ್ಲಿ ಬಂದು ಕಾರಿನ ಮುಂದೆ ನಿಂತಳು. ಅಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸವರಿದ. ತುಂಬ ದಿನದ ಮೇಲೆ "ಊಂ" ಬಂತು. ಆಮೇಲೆ "ನೋಡ್ಕವ್ವ" ಅಂದು, ಅವಳಿಗೆ ಅಡ್ಡವಾಗದಿರಲಿ ಅಂತ ಹಾರವನ್ನು ಪಕ್ಕಕ್ಕೆ ಸರಿಸಿದ.

ಅಕ್ಕ ಬಗ್ಗಿದಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಮುಖ ನಿಚ್ಚಳವಾಗಿ ಕಂಡಿತು. ಕೆನ್ನೆಯ ಮೇಲೆ ಎರಡು ಗೀರು.

"ಚೆನ್ನಾಗ್ ಕಾಣ್ತದೆ ಕಣಪ್ಪ" ಅಂದಳು. ಕಣ್ಣೊರೆಸಿಕೊಂಡು, ಅದೇ ಕೈಯನ್ನು ಬಾನೆಟ್ಟಿಗೆ ಒತ್ತಿದಳು. ಐದು ಬೆರಳು ಮೂಡಿದವು.

ಅಪ್ಪ ನನ್ನ ಕಡೆ ತಿರುಗಿದ. ನಾನು ಗಂಟಲು ಸರಿಮಾಡಿಕೊಂಡು ಭಾಯ್ ದನಿಯಲ್ಲಿ ಏನೋ ಶುರುಮಾಡಲು ಹೋದೆ, ಹೊರಡಲಿಲ್ಲ. ನನ್ನದೇ ದನಿಯಲ್ಲಿ ಹೇಳಿದೆ. ಕ್ಲೇ ಬಿದ್ದದ್ದು, ಎತ್ತಿದ್ದು, ಕಣ್ಣಿಗೊತ್ತಿಕೊಂಡದ್ದು, ಬೆಕ್ಕಿನ ವಿಷಯ, ಎಲ್ಲ. ಗಂಡಿನ ಕಡೆಯವರೂ ಕಿವಿ ಕೊಟ್ಟಿದ್ದರು. ಅಪ್ಪ ಪೂರ್ತಿ ಕೇಳಿದ. ಡ್ರೈವರ್ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ:

"ಕಣ್ಗೊತ್ಕಂಡ್ ಮ್ಯಾಲೆ ನೀನೇ ತಿನ್ಬೇಕಿತ್ತು ಕಣ್ಲಾ, ಕಾರಿಗ್ ಯಾಕ್ ತಿನ್ನುಸ್ದೆ?"