ಸಾಲಿನ ಮೇಲೊಂದು ಕಂಬಳಿ

ಹೆದ್ದಾರಿ ಪಕ್ಕದ ವಾಟರ್ ಪಾರ್ಕಿನಲ್ಲಿ ಜಾರುಬಂಡಿಗೆ ಸಾಲು ನಿಂತಿದ್ದೆವು. ಒಳಗೆಲ್ಲ ನೀರು, ಸಾಲಿಗೆ ಮಾತ್ರ ಗೇಣಷ್ಟೂ ನೆರಳಿಲ್ಲ. ನನ್ನ ಮುಂದಿದ್ದ ಹುಡುಗಿ ತಲೆ ಸುತ್ತಿ ಕುಸಿದಳು. ನಾನು ಕಾವಲುಗಾರನ ಮೇಲೆ ಹರಿಹಾಯ್ದೆ: "ಮನುಷ್ಯರನ್ನ ಹುರೀತೀರೇನ್ರಿ? ಮ್ಯಾನೇಜರನ್ನ ಕರೀರಿ!"

ಜೊತೆಗಿದ್ದ ಹುಡುಗಿಯ ಅಜ್ಜ ಹರಿಯಬ್ಬೆ ಊರಿನ ಕುರಿಗಾಹಿ. ಹೆಗಲ ಮೇಲಿನ ಕಂಬಳಿಯನ್ನು ಕೊಳದಲ್ಲಿ ಅದ್ದಿ ತಂದ.

"ಕಂಬಳಿ ನೀರಿಗೆ ಹಾಕಂಗಿಲ್ಲ, ರೂಲ್ಸ್ ಐತೆ," ಎಂದ ಕಾವಲುಗಾರ.

"ಬಿಸಿಲಿಗೆ ರೂಲ್ಸ್ ಇಲ್ವೇನಪ್ಪ?" ಎಂದ ಅಜ್ಜ ನನ್ನ ಕಡೆ ತಿರುಗಿದ. "ನೀವು ಆಮೇಲೆ ಕೂಗ್ರಿ. ಮೊದ್ಲು ಈ ತುದಿ ಹಿಡ್ಕಳ್ರಿ."

ಹಿಡಿದೆ. ತಲೆಗಳ ಮೇಲೆ ಚಾಚಿದ ಒದ್ದೆ ಕಂಬಳಿಯಡಿ ಗಾಳಿ ತಣ್ಣಗಾಯಿತು. ಹುಡುಗಿ ನೀರು ಕುಡಿದು, "ನಮ್ ಸರದಿ ಯಾವಾಗ ಅಜ್ಜಾ?" ಎಂದಳು. ಕಾವಲುಗಾರನೂ ಮೆಲ್ಲಗೆ ಕಂಬಳಿಯಡಿ ನುಸುಳಿದ.

ಇಷ್ಟು ವರ್ಷ ಹೋರಾಟಗಳಲ್ಲಿ ನಾನು ಹಿಡಿದ ಬಾವುಟಗಳಲ್ಲಿ ಒಂದೂ ಇಷ್ಟು ನೆರಳು ಕೊಟ್ಟಿಲ್ಲ.