ಗೋಡೆಯ ಮೇಲಿನ ನವಿಲು ನನ್ನದು

ಸ್ನೇಹಿತರೇ, ಇವತ್ತು ಬೆಳಿಗ್ಗೆ ತಂಗಿಯನ್ನು ನೋಡಲು ಸಾಸಲಿನಿಂದ ಗಂಡಿನ ಕಡೆಯವರು ನಮ್ಮ ದೊಡ್ಡಬಳ್ಳಾಪುರದ ಮನೆಗೆ ಬಂದಿದ್ದರು. ಉಪ್ಪಿಟ್ಟು ಮುಗಿಯುತ್ತಿದ್ದಂತೆ ಸೋದರತ್ತೆ ಗೋಡೆಯ ಮೇಲಿದ್ದ ಕಸೂತಿಯ ನವಿಲನ್ನು ತೋರಿಸಿ, "ಇದೆಲ್ಲಾ ನಮ್ ಹುಡುಗೀದೇ ಕೈಕೆಲಸ" ಎಂದರು.

ಹುಡುಗನ ತಾಯಿ ಎದ್ದು ಹತ್ತಿರ ಹೋಗಿ ನೋಡಿದರು. "ಕಣ್ಣಿಗೆ ಯಾವ ಹೊಲಿಗೆ ಹಾಕಿದ್ದೀಯಮ್ಮಾ?"

ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ನನ್ನ ತಂಗಿ ಸೂಜಿಗೆ ದಾರ ಪೋಣಿಸಿದವಳೇ ಅಲ್ಲ. ಅವಳು ನನ್ನ ಕಡೆ ನೋಡಿದಳು.

"ಗಂಟು ಹೊಲಿಗೆ" ಎಂದೆ. "ಹಾಕಿದ್ದು ನಾನು. ಮೂರು ತಿಂಗಳು ಹಿಡೀತು."

ಹುಡುಗನ ತಂದೆ ನಕ್ಕರು. "ಗಂಡ್ಸಾಗಿ ಕಸೂತಿನಾ? ಬೇರೆ ಕೆಲ್ಸ ಇಲ್ವೇನಪ್ಪಾ?"

"ಇದೆ ಸಾರ್, ಬ್ಯಾಂಕಲ್ಲಿ. ಅದು ಸಂಬಳಕ್ಕೆ, ಇದು ಖುಷಿಗೆ."

ಅವರು ಹೋದ ಮೇಲೆ ಅತ್ತೆ ಹಣೆ ಚಚ್ಚಿಕೊಂಡರು. "ಒಂದ್ ಗಳಿಗೆ ಬಾಯ್ ಮುಚ್ಕೊಂಡ್ ಇರೋಕಾಗ್ಲಿಲ್ವೇನೋ?"

ತಂಗಿ ಕಾಫಿ ಲೋಟಗಳನ್ನು ಎತ್ತುತ್ತಾ ಹೇಳಿದಳು: "ಬಿಡು ಅತ್ತೆ. ಅಣ್ಣ ಸುಮ್ನಿದ್ದಿದ್ರೆ ಆ ಮನೇಲಿ ಜೀವಮಾನವಿಡೀ ನಾನು ನವಿಲು ಹೊಲೀಬೇಕಿತ್ತು."

ಅವರ ಉತ್ತರ ಇನ್ನೂ ಬಂದಿಲ್ಲ. ಸಂಜೆ ಚೌಕಟ್ಟು ಬಿಚ್ಚಿ, ನವಿಲಿನ ಕಾಲ ಬಳಿ ನನ್ನ ಹೆಸರು ಹೊಲಿದು, ಮತ್ತೆ ಅದೇ ಮೊಳೆಗೆ ತೂಗುಹಾಕಿದ್ದೇನೆ. ಮುಂದೆ ಬರುವವರು ಓದಿಕೊಂಡೇ ಉಪ್ಪಿಟ್ಟಿಗೆ ಕೂರಲಿ.