ಕರಡಿಯೊಳಗಿನ ನೆಲ್ವಾ

ಹಿತ್ತಾಳೆ ವಾದ್ಯದ ಸದ್ದು ಕೇಳಿದರೆ ಸಾಕು, ನನ್ನ ಅಕ್ಕನ ಮಗಳು ನೆಲ್ವಾ ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಬೀದಿಗೆ ಓಡುತ್ತಿದ್ದಳು. ಆಗವಳು ಚಿಕ್ಕವಳು. ನಮ್ಮೂರು ಓರೂರೋದಲ್ಲಿ, ವೇಷ ಹಾಕಿ ಬೀದಿ ತುಂಬ ಕುಣಿಯುವ ಕಾರ್ನಿವಲ್ ಹಬ್ಬ ಹತ್ತಿರ ಬಂತೆಂದರೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹದಿಮೂರಕ್ಕೆ ಕೈಗೆ ಫೋನು ಬಂತು. ಕುಣಿತಕ್ಕಿಂತ ಕುಣಿತದ ಫೋಟೋ ದೊಡ್ಡದಾಯಿತು. ಅದರಲ್ಲಿ ಕೆನ್ನೆ ಸಣ್ಣ ಮಾಡುವಳು, ಬಣ್ಣ ಬೆಳ್ಳಗೆ ಮಾಡುವಳು, ಹಾಕುವಳು, ಅಳಿಸುವಳು. ಯಾರು ಮೆಚ್ಚಿದರೆಂದು ಊಟದ ನಡುವೆಯೂ ಇಣುಕುವಳು. ಮರುವರ್ಷ ಸಹಪಾಠಿಯೊಬ್ಬ, ಅವಳು ಏದುಸಿರು ಬಿಡುತ್ತ ಕುಣಿಯುವ ವಿಡಿಯೋಗೆ ಹಂದಿಯ ಸದ್ದು ಸೇರಿಸಿ ಹರಿಬಿಟ್ಟ. ಊರೆಲ್ಲ ನಕ್ಕಿತು. ನೆಲ್ವಾ ಶಾಲೆ ಬಿಟ್ಟಳು, ಊಟ ಬಿಟ್ಟಳು, ಕನ್ನಡಿಗೆ ಬಟ್ಟೆ ಹೊದಿಸಿದಳು. ಆ ಹಾಳು ಫೋನನ್ನು ಮಾತ್ರ ಬಿಡಲಿಲ್ಲ.

"ಒಲೆಗೆ ಹಾಕೇ ಅದನ್ನ!" ಎಂದೆ.

"ಹಾಕಿದ್ರೆ ಅವ್ರ ಫೋನಲ್ಲಿರೋದು ಸುಟ್ಟೋಗುತ್ತಾ ಚಿಕ್ಕಮ್ಮ?"



ನಮ್ಮೂರ ಚರ್ಚಿನ ಮಾತೆಗೆ ಕಾರ್ನಿವಲ್‌ನಲ್ಲಿ ಮೂರು ವರ್ಷ ಕುಣಿಯುವ ಹರಕೆಯನ್ನು ನೆಲ್ವಾ ಮೊದಲೇ ಹೊತ್ತಿದ್ದಳು. ಕೊನೆಯ ವರ್ಷ ಬಾಕಿ ಉಳಿದಿತ್ತು. ನಾನು ವೇಷ ಹೊಲಿಯುವವಳು. ಹದಿನಾರರ ನೆಲ್ವಾ ಒಂದು ದಿನ ನನ್ನ ಅಂಗಡಿಗೆ ಬಂದು, "ಕರಡಿ ವೇಷ ಕೊಡು. ಮುಖ ಯಾರಿಗೂ ಕಾಣಬಾರ್ದು" ಎಂದಳು. ಹೇಗೋ ಮನೆಯಿಂದ ಹೊರಬಿದ್ದಳಲ್ಲ ಎಂದು ಸಂತೋಷದಿಂದ ಕೊಟ್ಟೆ.

ಆ ಬಿಳಿ ಕರಡಿ ಬೀದಿಯನ್ನೆಲ್ಲ ನಗಿಸಿತು. ಮಕ್ಕಳು ಓಡಿಬಂದು ತಬ್ಬಿಕೊಂಡವು. ಪಕ್ಕದಲ್ಲೇ ನಡೆಯುತ್ತಿದ್ದ ನಾನು ಹಿಗ್ಗಿಹೋದೆ. ಮೆರವಣಿಗೆ ಚರ್ಚಿನ ಬಾಗಿಲಿಗೆ ಬಂದಾಗ ನೆನಪಾಯಿತು. ಕುಣಿದವರು ಒಳಗೆ ಮುಖವಾಡ ಕಳಚಿ, ಮೊಣಕಾಲಲ್ಲೇ ಮಾತೆಯ ಪ್ರತಿಮೆಯ ಬಳಿಗೆ ಹೋಗಬೇಕು. ಹುಟ್ಟಿದಾಗಿನಿಂದ ನೋಡಿದ ಪದ್ಧತಿ; ಮುಖ ಮುಚ್ಚುವ ಆತುರದಲ್ಲಿ ಇಬ್ಬರಿಗೂ ಮರೆತೇಹೋಗಿತ್ತು.

ಕರಡಿ ಹೊಸ್ತಿಲಲ್ಲಿ ನಿಂತುಬಿಟ್ಟಿತು. ಹಿಂದಿನವರು ನೂಕುತ್ತಿದ್ದರು. ಒಳಗೆ ಎರಡೂ ಬದಿಯಲ್ಲಿ ಫೋನುಗಳು ಮೇಲೆದ್ದಿದ್ದವು.

"ಬಾ, ಮನೆಗೆ ಹೋಗೋಣ," ಎಂದೆ. "ಮಾತೆ ಏನೂ ಬೇಜಾರು ಮಾಡ್ಕೊಳ್ಳಲ್ಲ."

ನೆಲ್ವಾ ಎರಡೂ ಕೈ ಎತ್ತಿ ಕರಡಿಯ ತಲೆ ಕಳಚಿದಳು. ಬೆವರು, ಕೆಂಪಾದ ದುಂಡು ಕೆನ್ನೆ, ಹಣೆಗಂಟಿದ ಕೂದಲು. ಗುಂಪಿನಲ್ಲಿ ಯಾವನೋ ಹಂದಿಯಂತೆ ಗುಟುರು ಹಾಕಿದ. ನಾನು ಅವಳ ಮುಂದೆ ಹೋಗಿ, ಲಂಗ ಅಗಲಿಸಿ, ಫೋನುಗಳಿಗೆ ಅಡ್ಡವಾಗಿ ನಿಂತೆ.

ಅಷ್ಟರಲ್ಲಿ ಮೊಣಕಾಲೂರಿದ್ದ ನೆಲ್ವಾ ನನ್ನ ಲಂಗ ಹಿಡಿದು ಜಗ್ಗಿದಳು.

"ಆಚೆ ಸರಿ ಚಿಕ್ಕಮ್ಮ. ನಂಗೆ ಮಾತೆ ಕಾಣ್ತಿಲ್ಲ."